ಎರಡು ಮೊಳ ಕಡಿಮೆ

ಬಂಪರಿಗೆ ಕಟ್ಟಿದ್ರ ಬಂಪರಷ್ಟ ಬರತೈತಿ,
ಕಾರು ಅಲ್ಲೇ ಉಳೀತೈತಿ.
ಇಷ್ಟು ಗೊತ್ತಿತ್ತು ನನಗ.
ಮುಂದಿಂದು ಗೊತ್ತಿರಲಿಲ್ಲ.

ಚಿಂಚಿಣಿ ದಾಟಿ, ನಸುಕಿನ ಐದಕ್ಕ,
ಸುಣ್ಣ ಹಚ್ಚಿದ ಶಿಲುಬಿ ಹತ್ರ
ಬೂದಿ ಬಣ್ಣದ ಹಳೇ ಝೆನ್ ಕಾರು
ಬಾನೆಟ್ ತೆಗೆದು ಆಕಳಿಸಿಕೋತ ನಿಂತಿತ್ತು.
ಪಕ್ಕದಾಗ ಎರ್ಮೆಲಿಂದಾ ಬಾಯಿ,
ನೈಟಿ ಮ್ಯಾಲೆ ಏಪ್ರನ್ನು.
ಕೈ ಮಾಡಿದ್ಲು,
ಬಸ್ಸಿಗೆ ಮಾಡಿದಂಗಲ್ಲ, ಹುಡುಗನ್ನ ಗದರಿಸಿದಂಗ.

ಆಕಿ ಹಿಂದಿನ ಸೀಟಿನ್ಯಾಗ ಮೂರಂತಸ್ತಿನ ಕೇಕು,
ವೆಳಿಂ ಊರಿನ ಮದುವಿ ಮನಿಗೆ.
ನನ್ನ ಗಾಡ್ಯಾಗ ಐಸು, ಇಪ್ಪತ್ತೆರಡು ಲಾದಿ,
ಆರರೊಳಗ ಕುಟ್ಬಣ ಜೆಟ್ಟಿಗೆ.
ಮೇ ತಿಂಗಳ ಸೆಕಿ.
ಎರಡಕ್ಕೂ ಕಾಯೋ ಪುರಸೊತ್ತಿಲ್ಲ.

ಒಂಬತ್ತು ವರ್ಷಾತು ಗೋವಾದಾಗ ಪಿಕಪ್ ಹೊಡ್ಯಾಕತ್ತು.
ಮೀನು, ಜಲ್ಲಿ, ಗಣಪತಿ, ಒಮ್ಮೆ ಒಂದು ಪಿಯಾನೋ,
ಎಲ್ಲಾ ಹೊತ್ತೀನಿ. ಎಳದಿಲ್ಲ.
ಹೊತ್ತದ್ದು ನನ್ನ ಬೆನ್ನ ಮ್ಯಾಲ ಸುಮ್ಮನ ಕುಂತಿರತೈತಿ.
ಎಳೆದದ್ದಕ್ಕ ಅದರದ್ದ ಗಾಲಿ,
ಅದರದ್ದ ಸೆಡವು.

ಲಾದಿ ಬಿಗಿಯೋ ಹಗ್ಗ ಬಿಚ್ಚಿದೆ.
ಎರಡು ಮಾರು ಬಿಟ್ಟು ಕಟ್ಟಿದೆ.
'ಇನ್ನೂ ಬಿಡು' ಅಂದ್ಲು ಬಾಯಿ.
ಗಂಡ ಬಸ್ ಡ್ರೈವರ್ ಇದ್ದನಂತ.
'ಹಗ್ಗ ಬಿಗಿ ಇಡೋದು ಹಿಂದಿನವರ ಕೆಲಸ.
ನೀ ಬ್ರೇಕ್ ಮರತುಬಿಡು.'

ಬ್ರೇಕ್ ಮರೀಬೇಕಂತ!
ಮುಂದ ಎಮ್ಮಿ ಬರಲಿ, ಪಾವ್ ಮಾರೋನ ಸೈಕಲ್ ಬರಲಿ.

ಕ್ಲೀನರ್ ದಾವಲ ಕೇಕಿನ ಪಕ್ಕ ಕುಂತ,
ಕೂಸಿನ ತೊಟ್ಟಿಲ ಹಿಡದಂಗ ಹಿಡಕೊಂಡ.
ಹಾರ್ನ್ ಸತ್ತಿತ್ತು, ಅವನ ಸೀಟಿನೇ ಹಾರ್ನು:
ಒಂದು ಹೊಡದ್ರ ನಿಧಾನ, ಎರಡು ಹೊಡದ್ರ ನಿಲ್ಲು.

ಫಸ್ಟ್ ಗೇರು.
ಕ್ಲಚ್ಚನ್ನ ಹಾಲಿನ ಕೆನಿ ಸರಿಸಿದಂಗ ಬಿಟ್ಟೆ.
ಹಗ್ಗ ನೆಲದಿಂದ ಎದ್ದಿತು, ನಡುಗಿತು,
ಗಾಡಿ ಒಮ್ಮೆ ನೆಲಕ್ಕ ಅಂಟಿತು.
ಆಮ್ಯಾಲ ಕನ್ನಡಿಯಾಗ ಆ ಕಾರಿನ ಮುಖ
ನನ್ನ ಮಾತಿಗೆ ಒಪ್ಪಿಕೊಂಡಂಗ
ತಲಿ ಅಲ್ಲಾಡಿಸಿಕೋತ ಬಂತು.

ಹದಿನೈದರ ಸ್ಪೀಡು. ಕೋಳಿ ದಾಟಿ ಹೋದ್ವು.
ಐಸ್ ಕರಗಿ ಹಗ್ಗಕ್ಕ ಹನಿ,
ಹಗ್ಗದಿಂದ ಹಾರಿ ಆಕಿ ಗಾಜಿಗೆ ಹನಿ.
ವೈಪರ್ ಇಲ್ಲ.
ಬಾಯಿ ಕಿಡಕ್ಯಾಗಿಂದ ಕೈ ಹೊರಗ ಚಾಚಿ
ಏಪ್ರನ್ನಿನ ಚುಂಗಿನಿಂದ ಒರೆಸಿಕೋತ,
'ಸವಕಾಸ್, ಬಾಬಾ, ಸವಕಾಸ್!'

ಅಸೋಳ್ಣಾ ಸೇತುವಿ ಏರೂದು ಸುಳುವಾತು.
ಇಳುಕಲಿನ್ಯಾಗ ಹಗ್ಗ ಜೋತು ಬಿತ್ತು, ಡಾಂಬರು ಸವರಿತು.
ದಾವಲನ ಒಂದು ಸೀಟಿ. ಅರ್ಧ ಸೀಟಿ.
ನನ್ನ ಬಲಗಾಲು ತಾನ ಬ್ರೇಕಿನ ಕಡೆ ಸರೀತು,
ತೊಡಿ ಹಿಡಕೊಂಡು ತಡದೆ.
ಎಂಜಿನ್ ಬಂದ್ ಆದ ಕಾರಿನ ಬ್ರೇಕು ಕಲ್ಲು ಇದ್ದಂಗ,
ಬಾಯಿ ಎರಡೂ ಕಾಲೂರಿ ಎದ್ದು ನಿಂತಂಗ ತುಳದ್ಲು,
ಕನ್ನಡಿಯಾಗ ಕಂಡದ್ದು ಬರೇ ಆಕಿ ಹಲ್ಲು.
ಹಗ್ಗ ಮೆಲ್ಲಕ ಎದ್ದು ನೆಟ್ಟಗಾತು.
ಕೆಳಗ ಸಾಳ್ ಹೊಳಿ ಬೆಳ್ಳಗಾಗಾಕತ್ತಿತ್ತು,
ನಾ ಆಗ ನೋಡಲಿಲ್ಲ,
ದಾವಲ ಆಮ್ಯಾಲ ಹೇಳಿದ.

ವೆಳಿಂದಾಗ ಗಂಟು ಬಿಚ್ಚವಲ್ದು.
ಐಸಿನ ನೀರು ಕುಡದು ಉಬ್ಬಿತ್ತು,
ಹಲ್ಲಿಗೂ ಬಗ್ಗಲಿಲ್ಲ.
ಬಾಯಿ ಮೊದಲು ಕೇಕ್ ನೋಡಿದ್ಲು.
ಮ್ಯಾಲಿನ ಅಂತಸ್ತು ಎರಡು ಬೆರಳು ವಾಲಿತ್ತು,
ಒಂದು ಸಕ್ರಿ ಗುಲಾಬಿ ದಾವಲನ ಅಂಗಿ ತೋಳಿನ್ಯಾಗ.
ಸ್ಯಾಟಿನ್ ರಿಬ್ಬನ್ ಕಟ್ಟಿದ ಚಾಕು ತೆಗೆದು,
ಬಿಳಿ ಕ್ರೀಮಿನಿಂದ ಬಿರುಕು ಸಾರಿಸಿ,
ಅದ ಚಾಕುಲೆ ನನ್ನ ಹಗ್ಗ ಗರಗರ ಕೊಯ್ದ್ಲು.
ನೂರು ರೂಪಾಯಿ ಕೊಟ್ಲು. ತಗೊಂಡೆ.
ಅರ್ಧ ಲಾದಿ ಐಸು ಕೇಳಿದ್ಲು. ಕೊಟ್ಟೆ.

ಜೆಟ್ಟಿಯಾಗ ಮಾಲಕ ನಾಗ್ವೇಂಕರ್ ಲಾದಿ ಎಣಿಸಿದ.
'ಯಾಕ ತಡಾ?'
ಪಂಚರ್.
'ಯಾವ ಗಾಲಿ?'
ಹಿಂದಿಂದು, ಅಂದೆ.
ಪೂರಾ ಸುಳ್ಳೇನಲ್ಲ.

ಈಗ ಹಗ್ಗ ಎರಡು ಮೊಳ ಕಡಿಮಿ,
ಕೊನೀ ಲಾದಿಗೆ ಸುತ್ತು ಸಾಲೂದಿಲ್ಲ.
ಹೊಸದು ತರಬೇಕು, ತಂದಿಲ್ಲ.
ಮರುದಿನ ಮುಂಜಾನೆ ನೋಡ್ತೀನಿ,
ಕೊಯ್ದ ತುದಿಗೆ ಇರುವಿ ಸಾಲು.
ಡಾಲಾ ಹತ್ತಿ, ತುಕ್ಕಿನ ಕೊಕ್ಕಿ ದಾಟಿ,
ಒಂದರ ಹಿಂದ ಒಂದು.